ಸೆರಾಮಿಕ್ ಕ್ಯಾಪ್‌ಗೆ ನುಣುಪು ತರುವ ಕ್ರಮ: ಬರ್‌ನ ಗೀರಿನಿಂದ ಕನ್ನಡಿ ಹೊಳಪಿನವರೆಗೆ

ಲ್ಯಾಬ್‌ನಿಂದ ಬಂದ ಹಲ್ಲಿನ ಕ್ಯಾಪ್ ಎಷ್ಟೇ ಚೆನ್ನಾಗಿ ಕೂತರೂ ಬೈಟ್, ಅಂದರೆ ಎದುರಿನ ಹಲ್ಲಿಗೆ ಕಚ್ಚುವ ಮಟ್ಟ, ಒಂದು ಎಳೆ ಎತ್ತರ ಇರುವುದು ಮಾಮೂಲು. ಹಲ್ಲು ಕೊರೆಯುವ ಏರೋಟರ್‌ಗೆ ಡೈಮಂಡ್ ಬರ್ (ವಜ್ರದ ಪುಡಿ ಮೆತ್ತಿದ ಕೊರೆಮೊನೆ) ಹಾಕಿ ಆ ಎತ್ತರ ತೆಗೆಯಲು ಎರಡು ನಿಮಿಷ ಸಾಕು. ಆದರೆ ಬರ್ ಮುಟ್ಟಿದ ಕಡೆಯೆಲ್ಲ ಗ್ಲೇಜ್ ಎಂಬ ಹೊರಗಿನ ಹೊಳಪು ಲೇಪ ಹೋಗಿ, ಅದರಡಿಯ ಸೆರಾಮಿಕ್ ಮೇಲೆ ಸಾಲು ಸಾಲು ಗೀರು ಬಿದ್ದಿರುತ್ತದೆ. ಅದನ್ನು ಮತ್ತೆ ನುಣುಪಿಗೆ ತರಲು ಆರೆಂಟು ನಿಮಿಷ ಬೇಕು. ತೀರ್ಥಹಳ್ಳಿಯ ಕೊನೆ ಬಸ್ ಹಿಡಿಯಬೇಕಾದವರು ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಿರುವಾಗ ಕೈಬಿಟ್ಟು ಹೋಗುವುದು ಈ ಆರೆಂಟು ನಿಮಿಷವೇ. ಶಿವಮೊಗ್ಗ ಸುತ್ತಿನ ಕ್ಲಿನಿಕ್‌ಗಳ ದಂತವೈದ್ಯರಿಗೂ ಲ್ಯಾಬ್ ಟೆಕ್ನೀಷಿಯನ್ನರಿಗೂ ಬಳಕೆಗೆ ಬರುವಂತೆ ಪಾಲಿಶ್ ಕ್ರಮವನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ.

ಗೀರು ಉಳಿದರೆ ಕೆಡುವುದೇನು

ಮೊದಲು ಕೆಡುವುದು ಎದುರಿನ ಹಲ್ಲು. ಒರಟು ಸೆರಾಮಿಕ್ ಹಲ್ಲಿನ ಹೊರಪದರವಾದ ಎನಾಮಲ್ ಮೇಲೆ ಮರಳು ಕಾಗದದಂತೆ ಕೆಲಸ ಮಾಡುತ್ತದೆ. ಜಿರ್ಕೋನಿಯಾ ಎಂಬ ಸೆರಾಮಿಕ್ ಗಟ್ಟಿ, ಹಾಗಾಗಿ ಅದೇ ಹಲ್ಲನ್ನು ಹೆಚ್ಚು ಸವೆಸುತ್ತದೆ ಎಂದು ಹಲವರು ನಂಬುತ್ತಾರೆ. ಸವೆತಕ್ಕೆ ಗಟ್ಟಿತನಕ್ಕಿಂತ ಒರಟುತನ ದೊಡ್ಡ ಕಾರಣ. ಕನ್ನಡಿಯಂತೆ ಪಾಲಿಶ್ ಆದ ಜಿರ್ಕೋನಿಯಾ ಎನಾಮಲ್‌ಗೆ ಮೃದುವಾಗಿಯೇ ನಡೆದುಕೊಳ್ಳುತ್ತದೆ. ಬರೀ ಗ್ಲೇಜ್ ಹಾಕಿ ಬಿಟ್ಟ ಜಿರ್ಕೋನಿಯಾವೇ ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ಅಗಿಯುವ ಜಾಗದಲ್ಲಿ ತೆಳು ಗ್ಲೇಜ್ ಪದರ ಸವೆದುಹೋಗಿ ಅಡಿಯ ಒರಟು ಮೇಲೆ ಬರುತ್ತದೆ. ಗ್ಲೇಜ್ ಕೊಡುವುದಾದರೂ ಅದರ ಅಡಿಯ ಮೈಯನ್ನು ಮೊದಲು ಪಾಲಿಶ್ ಮಾಡಿರಬೇಕು ಎಂದು ಲ್ಯಾಬ್‌ಗೆ ಹೇಳಿ ಕಳಿಸುವುದು ಇದಕ್ಕೇ.

ಮಲೆನಾಡಿನಲ್ಲಿ ಈ ಮಾತಿಗೆ ಇನ್ನೂ ತೂಕವಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಊಟವಾದ ಮೇಲೆ ಕವಳ ಹಾಕುವವರು ಈಗಲೂ ಬಹಳ. ಅಡಿಕೆ ಅಗಿಯುವ ಬಾಯಲ್ಲಿ ಹಿಂದಿನ ಹಲ್ಲುಗಳ ಎನಾಮಲ್ ಮೊದಲೇ ಸವೆದು ಚಪ್ಪಟೆಯಾಗಿರುತ್ತದೆ. ಅದರ ಎದುರಿಗೆ ಗೀರುಬಿದ್ದ ಕ್ಯಾಪ್ ಕೂರಿಸಿದರೆ ಉಳಿದದ್ದೂ ಹೋಗುತ್ತದೆ. ಎಲೆ, ಸುಣ್ಣ, ಅಡಿಕೆ ಸೇರಿ ಹುಟ್ಟುವ ಕೆಂಪು ಬಣ್ಣ ಗೀರಿನೊಳಗೆ ಇಳಿದು ಕೂರುತ್ತದೆ. ನುಣುಪಾದ ಸೆರಾಮಿಕ್ ಮೇಲೆ ಅದೇ ಕಲೆ ಬ್ರಷ್‌ಗೆ ಬಿಟ್ಟುಕೊಡುತ್ತದೆ.

ಎರಡನೆಯದು ಪ್ಲಾಕ್, ಅಂದರೆ ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾದ ಪದರ. ಮೈಯ ಸರಾಸರಿ ಒರಟುತನ 0.2 ಮೈಕ್ರಾನ್ ದಾಟಿದರೆ ಪ್ಲಾಕ್ ಹಿಡಿಯುವುದು ಹೆಚ್ಚುತ್ತದೆ ಎಂಬುದು ದಂತವೈದ್ಯಕೀಯದಲ್ಲಿ ಒಪ್ಪಿಕೊಂಡ ಅಳತೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ನೆನೆದರೆ ಇದು ಎಷ್ಟು ಸಣ್ಣದು ಎಂದು ತಿಳಿಯುತ್ತದೆ. ಮೂರನೆಯದು ಬಿರುಕು. ಸೆರಾಮಿಕ್ ಒಡೆಯುವುದು ಗೀರಿನ ತಳದಿಂದಲೇ. ಗಾಜನ್ನು ವಜ್ರದಿಂದ ಗೀರಿ ಮುರಿಯುವಾಗ ಆಗುವುದೂ ಇದೇ.

ಕೈಯಲ್ಲಿರುವುದು ಯಾವ ಸೆರಾಮಿಕ್?

ಇದು ಗೊತ್ತಿಲ್ಲದೆ ಬರ್ ಎತ್ತಬೇಡಿ. ಲ್ಯಾಬ್ ಚೀಟಿ ನೋಡಿ, ಇಲ್ಲದಿದ್ದರೆ ಫೋನ್ ಮಾಡಿ ಕೇಳಿ.

ಮೆಟಲ್ ಮೇಲಿನ ಪೋರ್ಸ್‌ಲಿನ್, ಅಂದರೆ ಪಿಎಫ್‌ಎಂ ಕ್ಯಾಪ್‌ನ ಹೊರಪದರ, ಫೆಲ್ಡ್‌ಸ್ಪಾರ್ ಗಾಜು. ಬಾಗಿಸಿದಾಗ ಮುರಿಯದೆ ತಡೆಯುವ ಬಲ ಬರೀ 60ರಿಂದ 100 ಮೆಗಾಪಾಸ್ಕಲ್. ಬೇಗ ಸವೆಯುತ್ತದೆ, ಬೇಗ ಚಕ್ಕೆ ಏಳುತ್ತದೆ. ಇದಕ್ಕೆ ಜಿರ್ಕೋನಿಯಾದ ಒರಟು ಪಾಲಿಶರ್ ಹಾಕಿದರೆ ಗೀರು ಹೋಗುವ ಬದಲು ಹಲ್ಲಿನ ಆಕಾರವೇ ಹೋಗುತ್ತದೆ.

ಲಿಥಿಯಂ ಡೈಸಿಲಿಕೇಟ್, ಎಲ್ಲರೂ ಇ-ಮ್ಯಾಕ್ಸ್ ಎನ್ನುವುದು, ಸುಮಾರು 400 ಮೆಗಾಪಾಸ್ಕಲ್‌ನದು. ಗಾಜಿನಲ್ಲಿ ಸೂಜಿಯಂಥ ಹರಳುಗಳು ಹೆಣೆದುಕೊಂಡಿರುವುದರಿಂದ ಈ ಬಲ. ಚೆನ್ನಾಗಿ ಪಾಲಿಶ್ ಆಗುತ್ತದೆ, ಆದರೆ ಬಿಸಿಗೆ ಹೆದರುತ್ತದೆ.

ಜಿರ್ಕೋನಿಯಾದ ಹಳೆಯ ಗಟ್ಟಿ ಬಗೆ 900 ಮೆಗಾಪಾಸ್ಕಲ್‌ಗೂ ಮೇಲೆ. ಮುಂದಿನ ಹಲ್ಲಿಗೆ ಬಳಸುವ, ಬೆಳಕು ಹಾಯುವ ಬಗೆ ಅದಕ್ಕಿಂತ ಸಾಕಷ್ಟು ದುರ್ಬಲ. ಎರಡಕ್ಕೂ ಹೆಸರು ಒಂದೇ, ನಡತೆ ಬೇರೆ. ಯಾವುದೇ ಇರಲಿ, ಇದನ್ನು ಪಾಲಿಶ್ ಮಾಡಲು ವಜ್ರದ ಪುಡಿ ತುಂಬಿದ ಪಾಲಿಶರ್ರೇ ಬೇಕು. ಕಾಂಪೊಸಿಟ್ ಫಿಲ್ಲಿಂಗ್‌ಗೆ ಬಳಸುವ ಅಲ್ಯೂಮಿನಾ ಡಿಸ್ಕ್‌ಗಳನ್ನು ಜಿರ್ಕೋನಿಯಾ ಮೇಲೆ ಎಷ್ಟು ಹೊತ್ತು ತಿರುಗಿಸಿದರೂ ಸವೆಯುವುದು ಹೆಚ್ಚಾಗಿ ಡಿಸ್ಕ್.

ರಾಳ ಬೆರೆತ ಹೈಬ್ರಿಡ್ ಬ್ಲಾಕ್‌ಗಳು ಇನ್ನೊಂದು ಬಗೆ. ಅವನ್ನು ಕುಲುಮೆಗೆ ಇಡುವಂತಿಲ್ಲ, ಪಾಲಿಶ್ ಒಂದೇ ದಾರಿ. ಕಡಿಮೆ ವೇಗ, ಕಡಿಮೆ ಒತ್ತಡ, ಸಾಕಷ್ಟು ನೀರು. ಇಷ್ಟು ನೆನಪಿದ್ದರೆ ಸಾಕು.

ಮೇಜಿನ ಮೇಲೆ ಇರಬೇಕಾದ್ದು

ಕೆಂಪು ಪಟ್ಟಿಯ ಡೈಮಂಡ್ ಬರ್, ಹಳದಿ ಪಟ್ಟಿಯದು ಒಂದು, ಎರಡೂ ಹೊಸದಾಗಿರಲಿ. ಹಸಿರು, ಕಪ್ಪು ಪಟ್ಟಿಯವು ಹಲ್ಲು ಕೊರೆಯಲು, ಸಿದ್ಧವಾದ ಕ್ಯಾಪ್ ಹತ್ತಿರ ಅವು ಬರಬಾರದು. ಒರಟು, ನಡು, ನಯ ಎಂಬ ಮೂರು ಹಂತದ ಸೆರಾಮಿಕ್ ಪಾಲಿಶಿಂಗ್ ಕಿಟ್. ಪ್ರತಿ ಹಂತಕ್ಕೂ ಎರಡು ಆಕಾರ ಬೇಕು: ಗುಂಡಿ, ಗೆರೆಗಳಿಗೆ ಮೊನೆಯದು, ಇಳಿಜಾರಿಗೆ ಕಪ್ ಅಥವಾ ಎಸಳೆಸಳಾದ ಚಕ್ರ. ಪಾಲಿಶರ್‌ಗಳ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ಎರಡು ಕಿಟ್‌ಗಳನ್ನು ಒಂದೇ ಡಬ್ಬಿಯಲ್ಲಿ ಬೆರೆಸಬೇಡಿ. ಬಾಯಿಪಾಠದ ಮೇಲೆ ಬಣ್ಣ ಆರಿಸಿ ಒರಟನ್ನು ಕೊನೆಗೆ ಹಾಕಿದ ಉದಾಹರಣೆಗಳು ಕಡಿಮೆ ಇಲ್ಲ.

ಇವುಗಳ ಜೊತೆ ಡೈಮಂಡ್ ಪೇಸ್ಟ್, ಮೇಕೆ ಕೂದಲಿನ ಬ್ರಷ್ ಅಥವಾ ಫೆಲ್ಟ್ ಚಕ್ರ, ಕಚ್ಚಿದ ಜಾಗಕ್ಕೆ ಬಣ್ಣದ ಗುರುತು ಹಾಕುವ 40 ಮೈಕ್ರಾನ್‌ನ ಆರ್ಟಿಕ್ಯುಲೇಟಿಂಗ್ ಪೇಪರ್, ಬೈಟ್ ನೋಡುವ 8 ಮೈಕ್ರಾನ್‌ನ ತೆಳು ಶಿಮ್ ಹಾಳೆ, ದಪ್ಪ ಅಳೆಯುವ ಕ್ಯಾಲಿಪರ್, ಫ್ಲಾಸ್, ಭೂತಗನ್ನಡಿಯ ಲೂಪ್. ಎನ್95 ಮಾಸ್ಕ್ ಮತ್ತು ಕನ್ನಡಕ ಕಡ್ಡಾಯ. ಲ್ಯಾಬ್‌ನಲ್ಲಿ ದಿನವಿಡೀ ಒಣ ಧೂಳಿನಲ್ಲಿ ಕೂತು ಕೆಲಸ ಮಾಡುವವರಿಗೆ ಶ್ವಾಸಕೋಶದ ಸಿಲಿಕೋಸಿಸ್ ಬರುವುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಧೂಳು ಹೀರುವ ಸಕ್ಷನ್ ಇಲ್ಲದ ಮೇಜಿನಲ್ಲಿ ಬಟ್ಟೆಯ ಮಾಸ್ಕ್ ಕಟ್ಟಿ ಪಾಲಿಶ್ ಮಾಡಿಸುವುದನ್ನು ಯಾವ ಲ್ಯಾಬ್ ಮಾಲೀಕರೂ ಒಪ್ಪಬಾರದು.

ಸಿಮೆಂಟ್ ಹಾಕುವ ಮುಂಚೆಯೋ, ಆಮೇಲೋ?

ಪಿಎಫ್‌ಎಂ ಮತ್ತು ಜಿರ್ಕೋನಿಯಾಗಳನ್ನು ಕೂರಿಸಿ ನೋಡಿ, ಎತ್ತರ ಗುರುತಿಸಿ, ಹೊರಗೆ ತೆಗೆದು ತಿದ್ದಿ ಪಾಲಿಶ್ ಮಾಡುವುದೇ ಒಳ್ಳೆಯದು. ಕೈಯಲ್ಲಿ ಹಿಡಿದ ಕ್ಯಾಪ್‌ನ ಎಲ್ಲ ಮೂಲೆಗೂ ಪಾಲಿಶರ್ ಮುಟ್ಟುತ್ತದೆ, ಬಾಯೊಳಗೆ ಮುಟ್ಟುವುದಿಲ್ಲ. ಲಿಥಿಯಂ ಡೈಸಿಲಿಕೇಟ್‌ನ ತೆಳು ಓನ್‌ಲೇ (ಹಲ್ಲಿನ ಅಗಿಯುವ ಭಾಗಕ್ಕಷ್ಟೇ ಅಂಟಿಸುವ ಹೊದಿಕೆ), ವಿನೀರ್ (ಹಲ್ಲಿನ ಮುಂಬದಿಗೆ ಅಂಟಿಸುವ ಪದರ) ಗಳದ್ದು ಇದಕ್ಕೆ ತದ್ವಿರುದ್ಧ. ಅಂಟಿಸುವ ಮುಂಚೆ ಅವನ್ನು ಕಚ್ಚಿಸಿ ನೋಡಿದರೆ ಅಲ್ಲೇ ಬಿರುಕು ಬಿಡಬಹುದು. ಅಂಟಿಸಿ, ಸಿಮೆಂಟ್ ಪೂರ್ತಿ ಗಟ್ಟಿಯಾದ ಮೇಲೆ ಬೈಟ್ ತಿದ್ದಿ. ಪಕ್ಕದ ಹಲ್ಲಿಗೆ ತಾಗುವ ಜಾಗ, ಅಂದರೆ ಕಾಂಟ್ಯಾಕ್ಟ್ ಮಾತ್ರ ಅಂಟಿಸುವ ಮೊದಲೇ ಸರಿಮಾಡಿ ಪಾಲಿಶ್ ಮಾಡಬೇಕು, ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

ದೂರದ ಹಳ್ಳಿಯಿಂದ ಬಂದವರನ್ನು "ನಾಳೆ ಬನ್ನಿ" ಎನ್ನುವುದು ಕಷ್ಟ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಂತೂ ನಾಳೆ ಎಂದರೆ ಶಿವರಾತ್ರಿ ಕಳೆದ ಮೇಲೆ. ಹಾಗಾಗಿ ಕ್ಯಾಪ್ ಕೂರಿಸುವ ಅಪಾಯಿಂಟ್‌ಮೆಂಟ್‌ಗೆ ಪಾಲಿಶಿಂಗ್‌ನ ಹೊತ್ತನ್ನೂ ಸೇರಿಸಿ ಮುಕ್ಕಾಲು ಗಂಟೆ ಬರೆದಿಡಿ.

1. ಗುರುತು ಹಾಕಿ, ದಪ್ಪ ಅಳೆಯಿರಿ

ಬರ್ ಮುಟ್ಟಿಸುವ ಮೊದಲು ಕ್ಯಾಪ್ ದಪ್ಪವನ್ನು ಕ್ಯಾಲಿಪರ್‌ನಲ್ಲಿ ನೋಡಿ. ಹಿಂದಿನ ಹಲ್ಲಿನ ಲಿಥಿಯಂ ಡೈಸಿಲಿಕೇಟ್ ಕ್ಯಾಪ್‌ನಲ್ಲಿ ಅಗಿಯುವ ಕಡೆ ತಿದ್ದಿದ ಮೇಲೂ 1 ಮಿ.ಮೀ.ಗಿಂತ ಕಡಿಮೆ ಉಳಿಯಬಾರದು, 1.5 ಇದ್ದರೆ ನೆಮ್ಮದಿ. ತೆಳುವಾಗಿದ್ದರೆ ಎದುರಿನ ಹಲ್ಲಿನ ತುದಿಯನ್ನು ಸ್ವಲ್ಪ ತಗ್ಗಿಸುವ ಬಗ್ಗೆ ರೋಗಿಗೆ ಮೊದಲೇ ತಿಳಿಸಿ ಒಪ್ಪಿಗೆ ಕೇಳಿ.

ಹೊಳೆಯುವ ಒದ್ದೆ ಸೆರಾಮಿಕ್ ಮೇಲೆ ಪೇಪರ್ ಬಣ್ಣ ಹಿಡಿಯುವುದಿಲ್ಲ. ಹತ್ತಿಯುಂಡೆ, ಗಾಳಿಯಿಂದ ಪೂರ್ತಿ ಒಣಗಿಸಿ, ಪೇಪರ್‌ಗೆ ವ್ಯಾಸಲಿನ್‌ನ ತೀರ ತೆಳು ಲೇಪ ಕೊಟ್ಟು ಕಚ್ಚಿಸಿ. ನಡುವೆ ಬಿಳಿ, ಸುತ್ತ ಬಣ್ಣದ ಉಂಗುರ ಬಿದ್ದದ್ದು ನಿಜವಾದ ಎತ್ತರ. ಬರೀ ಬಣ್ಣ ಸವರಿಕೊಂಡದ್ದು ಎತ್ತರವಲ್ಲ, ಅದನ್ನು ಕೊರೆಯುತ್ತಾ ಹೋದರೆ ಕ್ಯಾಪ್ ಬೈಟ್‌ನಿಂದ ಕೆಳಗಿಳಿಯುತ್ತದೆ.

2. ತಿದ್ದುವಾಗಲೇ ಗೀರು ಕಡಿಮೆ ಮಾಡಿ

ಕೆಂಪು ಪಟ್ಟಿ ಬರ್, ನೀರಿನ ಸ್ಪ್ರೇ ಪೂರ್ತಿ ಬಿಟ್ಟು, ಗರಿ ಸವರಿದಷ್ಟೇ ಒತ್ತಡ. ಬರ್‌ನ ತುದಿಯಲ್ಲಿ ಚುಚ್ಚಬೇಡಿ, ಬದಿಯಲ್ಲಿ ಸವರಿ. ಎತ್ತರ ಹೋದ ಮೇಲೆ ಅದೇ ಜಾಗವನ್ನು ಹಳದಿ ಪಟ್ಟಿಯಿಂದ, ಮೊದಲಿನ ಗೀರಿಗೆ ಅಡ್ಡಲಾಗಿ, ಹತ್ತು ಹದಿನೈದು ಸೆಕೆಂಡ್ ಸವರಿ. ಈ ಹದಿನೈದು ಸೆಕೆಂಡ್ ಮುಂದೆ ಎರಡು ನಿಮಿಷ ಉಳಿಸುತ್ತದೆ.

ನೀರು ಕಡಿಮೆಯಾದರೆ ಆಗುವ ಹಾನಿ ಎರಡು ಬಗೆಯದು. ಜಿರ್ಕೋನಿಯಾ ಬಿಸಿಯನ್ನು ಹರಡಲು ಬಿಡುವುದಿಲ್ಲ, ಮುಟ್ಟಿದ ಜಾಗವೇ ಕಾದು ಸಣ್ಣ ಬಿರುಕು ಬಿಡುತ್ತದೆ. ಜೀವಂತ ಹಲ್ಲಿನ ಮೇಲೆ ಕೂತ ಕ್ಯಾಪ್ ಆದರೆ ಹಲ್ಲಿನೊಳಗಿನ ನರ, ರಕ್ತನಾಳಗಳ ಭಾಗವಾದ ಪಲ್ಪ್‌ಗೂ ಅಪಾಯ. ಪಲ್ಪ್‌ನ ಉಷ್ಣತೆ 5.5 ಡಿಗ್ರಿ ಏರಿದರೆ ಕೆಲವು ಹಲ್ಲುಗಳಲ್ಲಿ ಅದು ಸಾಯುತ್ತದೆ ಎಂದು 1965ರಷ್ಟು ಹಿಂದೆಯೇ ಸಂಶೋಧಕರಾದ ಜಾಕ್ ಮತ್ತು ಕೊಹೆನ್ ತೋರಿಸಿದ್ದರು.

3. ಒರಟು ಪಾಲಿಶರ್: ಹೆಚ್ಚು ಹೊತ್ತು ಇಲ್ಲೇ

ಇಡೀ ಕೆಲಸದ ಫಲ ನಿಂತಿರುವುದು ಈ ಹಂತದ ಮೇಲೆ. ಬರ್ ಬಿಟ್ಟ ಆಳದ ಗೀರು ತೆಗೆಯುವ ಶಕ್ತಿ ಇರುವುದು ಒರಟು ಪಾಲಿಶರ್‌ಗೆ ಮಾತ್ರ. ನಡುವಿನದು ಒರಟಿನ ಗೀರನ್ನು, ನಯದ್ದು ನಡುವಿನ ಗೀರನ್ನು ಅಳಿಸುತ್ತದೆ, ಅದಕ್ಕಿಂತ ಆಳಕ್ಕೆ ಎರಡೂ ಇಳಿಯುವುದಿಲ್ಲ. ಒರಟನ್ನು ಹತ್ತು ಸೆಕೆಂಡ್ ಆಡಿಸಿ ನಯಕ್ಕೆ ಹಾರಿದರೆ ಗೀರಿನ ದಿಬ್ಬಗಳ ತಲೆ ಮಾತ್ರ ಹೊಳೆಯುತ್ತದೆ, ಕಣಿವೆ ಹಾಗೇ ಇರುತ್ತದೆ. ದೂರದಿಂದ ನೋಡಿದವರಿಗೆ ಪಾಲಿಶ್ ಆದಂತೆ ಕಾಣುವುದು ಈ ಕೆಲಸದ ದೊಡ್ಡ ಮೋಸ. ಹೊಳಪು ಬೇರೆ, ನುಣುಪು ಬೇರೆ.

ವೇಗ ನಿಮಿಷಕ್ಕೆ 8,000ದಿಂದ 12,000 ಸುತ್ತು. ಕಿಟ್‌ನ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಎಲೆಕ್ಟ್ರಿಕ್ ಮೈಕ್ರೋಮೋಟಾರ್ ಇದ್ದವರಿಗೆ ಇದು ಸುಲಭ. ಏರ್‌ಮೋಟಾರ್‌ನಲ್ಲಿ ಅಂಕಿ ಕಾಣುವುದಿಲ್ಲ, ಪೂರ್ತಿ ಬಿಟ್ಟರೆ 20,000 ಸುತ್ತಿನ ಆಸುಪಾಸಿಗೆ ಹೋಗುತ್ತದೆ, ಹಾಗಾಗಿ ವೇಗದ ಉಂಗುರವನ್ನು ಅರ್ಧಕ್ಕೆ ತಿರುಗಿಸಿಡಿ.

ಒತ್ತಡ ಸುಮಾರು 100 ಗ್ರಾಂ. ಇದು ಮಾತಿನಲ್ಲಿ ತಿಳಿಯುವಂಥದಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಹಳೆಯ ಕ್ಯಾಪ್ ಒಂದನ್ನು ಮೇಣದಲ್ಲಿ ಕೂರಿಸಿ, ತಕ್ಕಡಿಯನ್ನು ಸೊನ್ನೆಗೆ ತಂದು, ಪಾಲಿಶರ್ ತಿರುಗಿಸುತ್ತಾ ಅಂಕಿ ನೋಡಿ. ಮೊದಲ ಸಲ ಹೆಚ್ಚಿನವರ ಕೈ 300 ಗ್ರಾಂ ದಾಟುತ್ತದೆ. ನಾಲ್ಕೈದು ದಿನ ಹೀಗೆ ಅಭ್ಯಾಸ ಮಾಡಿದರೆ ಕೈಗೆ ತೂಕ ನೆನಪು ಉಳಿಯುತ್ತದೆ.

ಪಾಲಿಶರ್ ನಿಲ್ಲದೆ ಚಲಿಸುತ್ತಿರಲಿ. ಒಂದು ಕಸ್ಪ್‌ಗೆ, ಅಂದರೆ ಅಗಿಯುವ ಮೈಯ ಒಂದು ಉಬ್ಬಿಗೆ, ಕನಿಷ್ಠ 30 ಸೆಕೆಂಡ್, ಮೊದಲು ಒಂದು ದಿಕ್ಕಿಗೆ, ಆಮೇಲೆ ಅದಕ್ಕೆ ಅಡ್ಡಲಾಗಿ. ಬಾಯೊಳಗೆ ನೀರು ಸದಾ ಇರಲಿ. ಗುಂಡಿಗಳಿಗೆ ಮೊನೆಯದನ್ನು ಬಳಸಿ, ಆದರೆ ಗೆರೆಗಳನ್ನು ಅಳಿಸಿ ತಟ್ಟೆಯಂತೆ ಮಾಡಬೇಡಿ, ಅಗಿಯಲು ಆ ಗೆರೆಗಳು ಬೇಕು.

ಈಗ ತೊಳೆದು, ಗಾಳಿ ಹೊಡೆದು, ಪೂರ್ತಿ ಒಣಗಿಸಿ, ಲೈಟನ್ನು ಪಕ್ಕದಿಂದ ಬೀಳಿಸಿ ಲೂಪ್‌ನಲ್ಲಿ ನೋಡಿ. ಒದ್ದೆ ಇದ್ದಾಗ ನೀರೇ ಗೀರು ತುಂಬಿ ಎಲ್ಲವೂ ಹೊಳೆಯುತ್ತದೆ. ಒಣಗಿದ ಮೈ ಒಂದೇ ಸಮನಾದ ಮಂಕಿನಲ್ಲಿ, ರೇಷ್ಮೆಯ ಹಿಂಬದಿಯಂತೆ ಕಂಡರೆ ಮುಂದೆ ಹೋಗಿ. ಒಂದೇ ಒಂದು ಬಿಳಿ ಗೆರೆ ಕಂಡರೂ ಇದೇ ಹಂತಕ್ಕೆ ಮರಳಿ.

4. ನಡು ಮತ್ತು ನಯ

ಹಂತ ಬದಲಿಸುವ ಮೊದಲು ಕ್ಯಾಪ್ ತೊಳೆಯಿರಿ. ಉಳಿದ ಒಂದು ಒರಟು ಕಣ ನಯದ ಪಾಲಿಶರ್‌ನಡಿ ಸಿಕ್ಕಿದರೆ ಹೊಸ ಗೀರು ಎಳೆಯುತ್ತದೆ. ನಡುವಿನದಕ್ಕೆ ಮೊದಲಿನಷ್ಟೇ ಹೊತ್ತು ಕೊಡಿ, ನಯದ್ದಕ್ಕೆ ವೇಗ 7,000ದಿಂದ 10,000ಕ್ಕೆ ಇಳಿಸಿ, ಒತ್ತಡವನ್ನೂ ಅರ್ಧ ಮಾಡಿ. ಇಲ್ಲಿ ಹೊಳಪು ಬೇಗ ಬರುತ್ತದೆ. ಬರಲಿಲ್ಲವೆಂದರೆ ಒತ್ತಿ ಪ್ರಯೋಜನವಿಲ್ಲ, ಹಿಂದಿನ ಹಂತ ಅರೆಬರೆಯಾಗಿದೆ ಎಂದೇ ಅರ್ಥ.

5. ಪೇಸ್ಟ್

ಅರ್ಧ ಹೆಸರುಕಾಳಿನಷ್ಟು ಡೈಮಂಡ್ ಪೇಸ್ಟ್ ಸಾಕು. ಮೊದಲು ಬ್ರಷ್ ನಿಂತಿರುವಾಗಲೇ ಪೇಸ್ಟನ್ನು ಕ್ಯಾಪ್ ಮೇಲೆ ಸವರಿ, ಇಲ್ಲದಿದ್ದರೆ ತಿರುಗಿದ ಕೂಡಲೇ ಎಲ್ಲವೂ ಕೆನ್ನೆಗೆ ಸಿಡಿಯುತ್ತದೆ. ಸುಮಾರು 5,000 ಸುತ್ತು, 30ರಿಂದ 60 ಸೆಕೆಂಡ್, ನಡುವೆ ಒಂದು ಹನಿ ನೀರು. ಪಿಎಫ್‌ಎಂ ಮತ್ತು ಲಿಥಿಯಂ ಡೈಸಿಲಿಕೇಟ್‌ಗೆ ಈ ಹಂತ ಬಿಡಲೇಬಾರದು ಎಂಬುದು ನಮ್ಮ ಅಭಿಪ್ರಾಯ. ರಬ್ಬರ್ ಪಾಲಿಶರ್ ಮುಟ್ಟದ ಸಣ್ಣ ಗೆರೆಗಳಿಗೆ ಕೂದಲು ಇಳಿಯುತ್ತದೆ. ಕೊನೆಗೆ ಚೆನ್ನಾಗಿ ತೊಳೆದು ಒಸಡಿನ ಅಂಚಿನ ಪೇಸ್ಟನ್ನು ಫ್ಲಾಸ್‌ನಿಂದ ತೆಗೆಯಿರಿ.

ಮುಗಿದ ಮೇಲೆ ಬೈಟನ್ನು ಶಿಮ್ ಹಾಳೆಯಲ್ಲಿ ಮತ್ತೆ ನೋಡಿ. ರೋಗಿಗೆ ನಾಲಿಗೆ ಆಡಿಸಿ ನೋಡಲು ಹೇಳಿ. ಅರ್ಧ ಮೈಕ್ರಾನ್‌ನಷ್ಟು ಒರಟನ್ನೂ ಗುರುತಿಸುವ ಶಕ್ತಿ ನಾಲಿಗೆಗಿದೆ. "ಇಲ್ಲಿ ಏನೋ ತರಿತರಿ ಐತೆ" ಎಂದರೆ ನಂಬಿ, ಮತ್ತೆ ಒಣಗಿಸಿ ನೋಡಿ.

ಲ್ಯಾಬ್ ಮೇಜಿನವರಿಗೆ

ಜಿರ್ಕೋನಿಯಾವನ್ನು ಸುಡುವ ಮೊದಲು, ಸೀಮೆಸುಣ್ಣದಷ್ಟು ಮೆತ್ತಗಿರುವಾಗಲೇ, ನಯವಾದ ರಬ್ಬರ್‌ನಿಂದ ಮಿಲ್ಲಿಂಗ್ ಗೆರೆಗಳನ್ನು ಸವರಿ ತೆಗೆಯಿರಿ. ಸುಮಾರು 1,500 ಡಿಗ್ರಿಯಲ್ಲಿ ಸುಟ್ಟು, ಪ್ರತಿ ಅಳತೆಯಲ್ಲೂ ಐದರಲ್ಲೊಂದು ಪಾಲು ಕುಗ್ಗಿ ಗಟ್ಟಿಯಾದ ಮೇಲೆ ಅದೇ ಗೆರೆ ತೆಗೆಯಲು ಹಲವು ಪಟ್ಟು ಹೊತ್ತು ಹಿಡಿಯುತ್ತದೆ. ಲಿಥಿಯಂ ಡೈಸಿಲಿಕೇಟ್‌ನ ನೇರಳೆ ಬಣ್ಣದ ಹಸಿ ಬ್ಲಾಕ್‌ಗೂ ಇದೇ ಮಾತು.

ಪಿಎಫ್‌ಎಂನಲ್ಲಿ ಲೋಹ ಮತ್ತು ಪೋರ್ಸ್‌ಲಿನ್ ಸೇರುವ ಗೆರೆಗೆ ಒಂದೇ ರಬ್ಬರ್ ಅಡ್ಡಾಡಿಸಬೇಡಿ. ಲೋಹದ ಪುಡಿ ಪೋರ್ಸ್‌ಲಿನ್‌ಗೆ ಮೆತ್ತಿಕೊಂಡು ಬೂದು ನೆರಳು ಬೀಳುತ್ತದೆ. ಗೆರೆಯ ಉದ್ದಕ್ಕೂ ನಡೆಯಿರಿ, ಲೋಹಕ್ಕೆ ಬೇರೆ ರಬ್ಬರ್ ಇಡಿ.

ಬಾಯಲ್ಲಿ ವರ್ಷಗಟ್ಟಲೆ ಇದ್ದ ಕ್ಯಾಪನ್ನು ತೆಗೆದು ಕಳಿಸಿ "ಮತ್ತೆ ಗ್ಲೇಜ್ ಮಾಡಿಕೊಡಿ" ಎಂದರೆ ಸುಮ್ಮನೆ ಕುಲುಮೆಗೆ ಇಡಬೇಡಿ. ಅದು ಹೀರಿಕೊಂಡ ತೇವ ಕುಲುಮೆಯ ಬಿಸಿಗೆ ಆವಿಯಾಗಿ ಪೋರ್ಸ್‌ಲಿನ್ ಸಿಡಿಯುತ್ತದೆ. ಪಾಲಿಶ್ ಮಾಡಿಕೊಡುವುದೇ ಕ್ಷೇಮ.

ಕೆಡುವ ಬಗೆಗಳು, ಕಾರಣಗಳು

ತಿದ್ದಿದ ಜಾಗ ಸುತ್ತಲಿನದಕ್ಕಿಂತ ಬಿಳಿಚಿಕೊಂಡಿದೆ: ಮೇಲ್ಮೈಗೆ ಹಚ್ಚಿದ ಸ್ಟೇನ್ ಬಣ್ಣ ಗ್ಲೇಜ್ ಜೊತೆ ಹೋಗಿದೆ. ಪಾಲಿಶ್‌ನಿಂದ ಮರಳಿ ಬಾರದು. ಮುಂದಿನ ಹಲ್ಲಾದರೆ ಅಂಟಿಸುವ ಮೊದಲೇ ಲ್ಯಾಬ್‌ಗೆ ಕಳಿಸಿ.

ಕಪ್ಪು ಅಥವಾ ಬಣ್ಣದ ಗೆರೆ ಮೆತ್ತಿದೆ: ರಬ್ಬರ್ ಕರಗಿ ಅಂಟಿದೆ. ವೇಗ ಹೆಚ್ಚು, ನೀರು ಕಡಿಮೆ. ಸ್ಪಿರಿಟ್‌ನಲ್ಲಿ ಒರೆಸಿ, ವೇಗ ಇಳಿಸಿ ಮತ್ತೆ ಸವರಿ.

ಮೈ ಅಲೆಯಲೆಯಾಗಿದೆ: ಪಾಲಿಶರ್‌ನ ಕಡ್ಡಿ ಬಾಗಿದೆ, ಇಲ್ಲವೇ ಅದನ್ನು ತಿರುಗಿಸುವ ಹಿಡಿಕೆಯ (ಕಾಂಟ್ರಾ) ಬೇರಿಂಗ್ ಸಡಿಲ. ಗಾಳಿಯಲ್ಲಿ ತಿರುಗಿಸಿ ನೋಡಿ, ತುದಿ ಮಸುಕಾಗಿ ಅಲುಗಾಡಿದರೆ ಅದನ್ನು ಎಸೆಯಿರಿ.

ಫ್ಲಾಸ್ ಸಡಿಲವಾಗಿ ಜಾರುತ್ತದೆ, ಊಟ ಸಿಕ್ಕಿಕೊಳ್ಳುತ್ತದೆ: ಕಾಂಟ್ಯಾಕ್ಟ್ ಜಾಗಕ್ಕೆ ಒರಟು ಪಾಲಿಶರ್ ಹಾಕಿ ಸವೆಸಿದ ಫಲ. ಅಲ್ಲಿ ನಯದ್ದನ್ನು ಮಾತ್ರ ಬಳಸಿ, ಐದೈದು ಸೆಕೆಂಡಿಗೊಮ್ಮೆ ಕೂರಿಸಿ ಫ್ಲಾಸ್ ನೋಡಿ. ಟಕ್ ಎಂದು ಇಳಿದು, ಹರಿಯದೆ ಹೊರಬಂದರೆ ನಿಲ್ಲಿಸಿ. ಆಗಲೇ ತೆರೆದುಕೊಂಡ ಕಾಂಟ್ಯಾಕ್ಟ್‌ಗೆ ಸಿಮೆಂಟ್ ಹಾಕಬೇಡಿ. ಪಿಎಫ್‌ಎಂ ಆದರೆ ಲ್ಯಾಬ್‌ನಲ್ಲಿ ಪೋರ್ಸ್‌ಲಿನ್ ಸೇರಿಸಿಕೊಡುತ್ತಾರೆ.

ಮಳೆಗಾಲದ ಎಚ್ಚರ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡೆ ಗೋಡೆಯೇ ಬೆವರುತ್ತದೆ. ಫೆಲ್ಟ್ ಚಕ್ರ, ಕೂದಲಿನ ಬ್ರಷ್‌ಗಳಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಬಾಯಿಗೆ ಬಳಸಿದ ಫೆಲ್ಟನ್ನು ಮತ್ತೆ ಬಳಸಲೇಬೇಡಿ. ರಬ್ಬರ್ ಪಾಲಿಶರ್‌ಗಳನ್ನು ತಯಾರಕರು ಹೇಳಿದಂತೆ ಆಟೋಕ್ಲೇವ್ ಮಾಡಿ, ಪೂರ್ತಿ ಒಣಗಿದ ಮೇಲೆಯೇ ಪೌಚ್ ಎತ್ತಿಡಿ. ಒದ್ದೆ ಉಳಿದರೆ ಕಡ್ಡಿ ತುಕ್ಕು ಹಿಡಿಯುತ್ತದೆ. ಕಂಪ್ರೆಸರ್ ಟ್ಯಾಂಕ್‌ನ ನೀರನ್ನು ದಿನಾ ಬೆಳಿಗ್ಗೆ ಬಿಟ್ಟುಬಿಡಿ. ಆ ನೀರು ಗಾಳಿಯ ಜೊತೆ ಬಂದರೆ ಏರ್‌ಮೋಟಾರ್ ಮುಗ್ಗರಿಸುತ್ತದೆ, ಮೈ ಒಣಗಿಸಿ ನೋಡುವ ಪರೀಕ್ಷೆಯೂ ಸುಳ್ಳಾಗುತ್ತದೆ. ಕರೆಂಟ್ ಹೋಗುವುದು ಇಲ್ಲಿ ಖಚಿತವಾದ್ದರಿಂದ ಅಂಟಿಸುವ ಮುಂಚೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆಂದು ನೋಡಿಕೊಳ್ಳಿ.

ಪಾಲಿಶ್ ಆದ ಮೇಲೆ ಅದನ್ನು ಹಾಳುಮಾಡುವವು

ಆರು ತಿಂಗಳಿಗೊಮ್ಮೆ ಕ್ಲೀನಿಂಗ್‌ಗೆ ಬಂದಾಗ ಸ್ಕೇಲರ್‌ನ ತುದಿಯನ್ನು ಕ್ಯಾಪ್ ಮೇಲೆ ಎಳೆಯಬೇಡಿ, ಒರಟು ಪ್ಯೂಮಿಸ್ ಪೇಸ್ಟ್ ಹಾಕಬೇಡಿ. ಆಮ್ಲೀಯ ಫ್ಲೋರೈಡ್ ಜೆಲ್, ಎಪಿಎಫ್ ಎನ್ನುವ 1.23 ಶೇಕಡಾದ್ದು, ಗಾಜಿನ ಅಂಶವಿರುವ ಸೆರಾಮಿಕ್ಕನ್ನು ಕೊರೆದು ಮಂಕು ಮಾಡುತ್ತದೆ. ಅಂಥ ಕ್ಯಾಪ್ ಇರುವವರಿಗೆ ನ್ಯೂಟ್ರಲ್ ಸೋಡಿಯಂ ಫ್ಲೋರೈಡ್ ಕೊಡಿ. ಕವಳ ಬಿಡಲು ಪ್ರತಿ ಸಲವೂ ಹೇಳಿ. ಅಡಿಕೆಯ ಅಪಾಯ ಕ್ಯಾಪ್‌ಗಿಂತ ಬಾಯಿಯ ಚರ್ಮಕ್ಕೆ ದೊಡ್ಡದು, ಕ್ಯಾಪ್ ನೋಡುವ ನೆಪದಲ್ಲಿ ಕೆನ್ನೆಯ ಒಳಬದಿಯನ್ನೂ ನೋಡಿ. ಆಮೇಲೆ ಕ್ಯಾಪ್ ಒಣಗಿಸಿ ಪಕ್ಕದ ಬೆಳಕಿನಲ್ಲಿ ಪರೀಕ್ಷಿಸಿ. ಅಗಿಯುವ ಜಾಗದಲ್ಲಿ ಮಂಕು ಕಲೆ ಕಂಡರೆ ನಡುವಿನ ಪಾಲಿಶರ್‌ನಿಂದ ಆರಂಭಿಸಿ ನಯ, ಪೇಸ್ಟ್ ಎರಡನ್ನೂ ಆಗಲೇ ಮುಗಿಸಿ ಕಳಿಸಿ.